ಗಾಡಿ ನಿಲ್ಲಿಸಲಾರದ ಗೇಟಿನವನು

ನಮ್ಮ ಚಿಕ್ಕಪ್ಪನಿಗೆ ನಿಂತ ಗಾಡಿ ಕಂಡರೆ ಸಂಕಟ. ಇದರಲ್ಲೇನು ವಿಶೇಷ ಅಂತೀರಾ? ಅವನು ಸಂಬಳ ತಗೊಳ್ಳುತ್ತಿದ್ದದ್ದೇ ಗಾಡಿ ನಿಲ್ಲಿಸುವುದಕ್ಕೆ!

ಹೊಸಕೋಟೆ ದಾರಿಯಲ್ಲಿ ಒಂದು ಸೇತುವೆ, ಅದರ ಬಾಯಿಗೆ ಒಂದು ಸುಂಕದ ಗೇಟು. ಗೇಟು ಅಂದರೆ ಏನು? ಒಂದು ಉದ್ದನೆಯ ಬೊಂಬು, ಬುಡಕ್ಕೆ ಕಟ್ಟಿದ ಕಲ್ಲು, ತುದಿಗೆ ಹಗ್ಗ. ಹಗ್ಗ ಹಿಡಿದವನು ಚಿಕ್ಕಪ್ಪ. ಲಾರಿ ಬಂದು ನಿಲ್ಲಬೇಕು, ಕ್ಲೀನರ್ ಇಳಿಯಬೇಕು, ಚಿಲ್ಲರೆ ಹುಡುಕಬೇಕು, ರಸೀತಿ ಹರಿಯಬೇಕು, ಆಮೇಲೆ ಬೊಂಬು ಏಳಬೇಕು. ಅಷ್ಟರಲ್ಲಿ ಹಿಂದೆ ಮಾಲೂರಿನ ಹೆಂಚಿನ ಲಾರಿ, ಚಿಂತಾಮಣಿಯ ಟೊಮೆಟೊ ವ್ಯಾನು, ಮದುವೆ ದಿಬ್ಬಣದ ಬಸ್ಸು ಎಲ್ಲವೂ ಸಾಲುಗಟ್ಟಿ ಹಾರನ್ ಬಾರಿಸುತ್ತಿದ್ದವು. ಚಿಕ್ಕಪ್ಪ ಒಳಗೊಳಗೇ ಒದ್ದಾಡುತ್ತಿದ್ದ. ನೂರು ಗಾಡಿ ನಿಂತು ಹೊರಟರೆ ಎಷ್ಟು ಡೀಸೆಲ್ ಗಾಳಿಗೆ ಹೋಯಿತು, ಲೆಕ್ಕ ಹಾಕಿ ಹೇಳು ಎಂದು ನನ್ನನ್ನು ಹಿಡಿದುಕೊಳ್ಳುತ್ತಿದ್ದ. ನಾನು ಓದುತ್ತಿದ್ದದ್ದು ಬಿ.ಎ., ಇತಿಹಾಸ. ಅದರಲ್ಲಿ ಅಶೋಕ ಇದ್ದ, ಡೀಸೆಲ್ ಇರಲಿಲ್ಲ.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇದನ್ನು ನಾನು ಆಗಾಗ ಹೇಳುತ್ತೇನೆ, ಕೇಳಿದವರು ಆಕಳಿಸಿದರೂ ಹೇಳುತ್ತೇನೆ. ಅಪ್ಪನ ರಾಗಿ, ಎರಡು ಹಸುವಿನ ಹಾಲು ಮನೆಗೆ ಸರಿಹೋಗುತ್ತಿತ್ತು. ನನ್ನನ್ನು ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಇಟ್ಟಿದ್ದು ಚಿಕ್ಕಪ್ಪನ ಗೇಟಿನ ಸಂಬಳ.

ರಜೆಯ ದಿನವೂ ಅವನಿಗೆ ನೆಮ್ಮದಿ ಇಲ್ಲ. ಒಮ್ಮೆ ನಂದಗುಡಿಯಲ್ಲಿ ಬಸ್ಸಿನ ಡ್ರೈವರ್ ಇಂಜಿನ್ ಆಫ್ ಮಾಡದೆ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ. ಚಿಕ್ಕಪ್ಪ ಸೀದಾ ಅವನ ಎದುರಿಗೆ ಹೋಗಿ ಕೂತ. "ಗುರು, ನೀನು ಟೀ ಕುಡೀತಾ ಇದೀಯ, ಅದು ಡೀಸೆಲ್ ಕುಡೀತಾ ಐತೆ. ಇಬ್ರಲ್ಲಿ ಒಬ್ರಾದ್ರೂ ನಿಲ್ಸಿ." ಡ್ರೈವರ್ ಟೀ ಅರ್ಧಕ್ಕೇ ಬಿಟ್ಟು ಎದ್ದು ಹೋದ. ಬಸ್ಸೂ ಹೋಯಿತು, ಚಿಕ್ಕಪ್ಪನನ್ನು ಬಿಟ್ಟು!

ಇನ್ನು ನಮ್ಮೂರಿನ ಹಾಲಿನ ಡೈರಿ. ಬೆಳಗ್ಗೆ ಒಬ್ಬೊಬ್ಬರ ಹೆಸರು ಕೇಳಿ, ಪುಸ್ತಕದಲ್ಲಿ ಹುಡುಕಿ ಬರೆಯುವ ಹೊತ್ತಿಗೆ ಸಾಲು ಅರಳಿಕಟ್ಟೆ ದಾಟುತ್ತಿತ್ತು. ಚಿಕ್ಕಪ್ಪ ಮನೆಮನೆಗೆ ಹೋಗಿ ಕ್ಯಾನುಗಳ ಕುತ್ತಿಗೆಗೆ ಒಂದೊಂದು ಬಣ್ಣದ ಪಟ್ಟಿ ಬಳಿದ. ಬಣ್ಣ ನೋಡು, ಬರೆದುಕೋ, ಮುಂದಕ್ಕೆ ಕಳಿಸು. ನಾಲ್ಕು ದಿನ ಸಾಲೇ ಇಲ್ಲ! ಐದನೆಯ ದಿನ ಪಕ್ಕದ ಬೀದಿಯ ಇಬ್ಬರು ಸೊಸೆಯರು ತೊಳೆದು ಒಂದೇ ಗೋಡೆಯ ಮೇಲೆ ಒಣಗಲಿಟ್ಟ ಕ್ಯಾನುಗಳು ಅದಲುಬದಲಾದವು. ನೀರು ಬೆರೆಸುವ ಮನೆಯ ಹಾಲು, ಬೆರೆಸದ ಮನೆಯ ಹೆಸರಿಗೆ ಬಿತ್ತು. ಅಲ್ಲಿಯವರೆಗೆ ಮಾತೇ ಬಿಟ್ಟಿದ್ದ ಎರಡು ಮನೆಗಳು ಒಂದಾಗಿ ನಮ್ಮ ಬಾಗಿಲಿಗೆ ಬಂದವು. ಚಿಕ್ಕಪ್ಪ ಎಲ್ಲ ಬೈಗುಳ ಕೇಳಿಸಿಕೊಂಡು, ಕೊನೆಗೆ, ಗುರುತು ಇಟ್ಟದ್ದು ತಪ್ಪಲ್ಲ, ಗುರುತು ಜಾಗ ಬಿಟ್ಟು ಕದಲಿದ್ದು ತಪ್ಪು ಎಂದು ತೀರ್ಪು ಕೊಟ್ಟ. ಅಮ್ಮ ಅವನಿಗೆ ಅವತ್ತು ಕಾಫಿ ಕೊಡಲಿಲ್ಲ.

ಅಷ್ಟಕ್ಕೇ ಬಿಟ್ಟನೇ? ಅದೇ ಬುದ್ಧಿಯನ್ನು ಗೇಟಿಗೆ ತಂದ. ತಿಂಗಳ ಹಣ ಮುಂಚೆಯೇ ಕಟ್ಟಿದ ಲಾರಿಗಳ ಮುಂದೆ ಹಳದಿ ಬಳಿದ ತಗಡು ತೂಗಿಹಾಕಿಸಿದ. ದೂರದಿಂದ ಹಳದಿ ಕಂಡರೆ ಬೊಂಬು ಎತ್ತುತ್ತಿದ್ದ. ಲಾರಿ ಗೇರು ಇಳಿಸದೆ ಭರ್ರನೆ ದಾಟುತ್ತಿತ್ತು, ಡ್ರೈವರುಗಳು ಕೈಯೆತ್ತಿ ಮುಗಿಯುತ್ತಿದ್ದರು. ಒಂದೇ ವಾರ. ಹಣ ಕಟ್ಟದವರೂ ಎಣ್ಣೆ ಡಬ್ಬದ ಮುಚ್ಚಳಕ್ಕೆ ಹಳದಿ ಬಳಿದು ತೂಗಿಹಾಕಿಕೊಂಡರು. ಟ್ರ್ಯಾಕ್ಟರಿಗೆ ಹಳದಿ, ದಿಬ್ಬಣದ ವ್ಯಾನಿಗೆ ಹಳದಿ. ಸುಂಕವೇ ಇಲ್ಲದ ಎತ್ತಿನ ಗಾಡಿಯವನೊಬ್ಬ ಮರ್ಯಾದೆಗಿರಲಿ ಅಂತ ತಾನೂ ಒಂದು ತೂಗಿಹಾಕಿಕೊಂಡು ಬಂದ! ಗೇಟಿನ ಕಂಟ್ರಾಕ್ಟರ್ ತಗಡುಗಳನ್ನೆಲ್ಲ ಕೀಳಿಸಿ, ಚಿಕ್ಕಪ್ಪನ ಜನ್ಮ ಜಾಲಾಡಿಬಿಟ್ಟ.

ಚಿಕ್ಕಪ್ಪ ಕುಗ್ಗಲಿಲ್ಲ. ಆ ರಜೆಗೆ ನಾನು ಊರಿಗೆ ಬಂದಾಗ, ದೊಡ್ಡ ಇಂಜಿನಿಯರ್ ಸಾಹೇಬರಿಗೆ ಅರ್ಜಿ ಬರೆದುಕೊಡು ಎಂದು ಕೂತ. ಪ್ರತಿ ಗಾಡಿಗೂ ಕಿತ್ತರೆ ಹಾಳಾಗುವಂಥ ಒಂದು ಗುರುತು ಅಂಟಿಸಬೇಕು. ಹಣ ಮುಂಚೆಯೇ ಜಮಾ ಇರಬೇಕು. ಗಾಡಿ ಬಂದದ್ದು ಗೇಟಿಗೇ ತಿಳಿಯಬೇಕು, ದಾಟಿದಷ್ಟಕ್ಕೆ ಹಣ ತಾನೇ ಕಡಿತವಾಗಬೇಕು, ಬೊಂಬು ತಾನೇ ಏಳಬೇಕು. ಚಿಲ್ಲರೆ ಜಗಳ ಇಲ್ಲ, ಹೊಗೆ ಇಲ್ಲ, ಆಸ್ಪತ್ರೆಗೆ ಹೋಗುವವರು ಕಾಯುವ ಹಾಗಿಲ್ಲ. ಇವತ್ತು ಗಾಜಿಗೆ ಚೀಟಿ ಅಂಟಿಸಿಕೊಂಡು ಗೇಟು ದಾಟುವ ನಿಮಗೆ ಇದರಲ್ಲಿ ನಗುವಂಥದ್ದೇನೂ ಕಾಣದು. ಊರಿಗೆ ಕರೆಂಟೇ ಮನಸ್ಸು ಬಂದಾಗ ಬರುತ್ತಿದ್ದ ಕಾಲದಲ್ಲಿ ನಾನು ಬಿದ್ದು ಬಿದ್ದು ನಕ್ಕೆ. ನಗುತ್ತಲೇ ಬರೆದೆ.

ಸುದ್ದಿ ಕಂಟ್ರಾಕ್ಟರ್ ಕಿವಿಗೆ ಬಿತ್ತು. "ಗೇಟು ತಾನೇ ತೆಗೆಯೋ ಹಂಗಾದ್ರೆ ನೀನ್ಯಾಕಪ್ಪ ಇಲ್ಲಿ? ಅರ್ಜಿ ಕಳ್ಸಿದ ದಿನಾನೇ ಮನೆಗೆ ಹೋಗ್ಬಿಡು" ಎಂದನಂತೆ.

ಚಿಕ್ಕಪ್ಪ ಅರ್ಜಿಗೆ ರುಜು ಹಾಕಿದ. ತಾರೀಖಿನ ಜಾಗ ಮಾತ್ರ ಖಾಲಿ ಬಿಡು ಎಂದ. ಮಡಚಿ ಗೇಟಿನ ಕೋಣೆಯಲ್ಲಿ ಇಟ್ಟುಕೊಂಡ. ಕಳಿಸಲೇ ಇಲ್ಲ! ನಾನು ಬಿಡುತ್ತೇನೆಯೇ? ಊರಿಗೆ ಬಂದಾಗಲೆಲ್ಲ, ಏನು ಹುಲಿ, ಅರ್ಜಿ ಎಲ್ಲಿಯವರೆಗೆ ಹೋಯಿತು ಎಂದು ಕೆಣಕುತ್ತಿದ್ದೆ. ಕಂಟ್ರಾಕ್ಟರ್ ಮೀಸೆಗೆ ಹೆದರಿದ ಎಂದು ಅಪ್ಪನ ಮುಂದೆಯೇ ಆಡಿಕೊಂಡೆ. ಎರಡು ವರ್ಷ ಹೀಗೇ ನಡೆಯಿತು. ಚಿಕ್ಕಪ್ಪ ತಾನೂ ನಗುತ್ತಿದ್ದ.

ಫೈನಲ್ ಬಿ.ಎ. ರಿಸಲ್ಟ್ ಬಂದ ದಿನ ಬೆಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಗೇಟಿನ ಹತ್ತಿರ ಮಾಮೂಲಿನಂತೆ ಸಾಲು. ತಡೆಯಲಾಗದೆ ಇಳಿದು ಓಡಿದೆ. ಸೆಕೆಂಡ್ ಕ್ಲಾಸ್, ಚಿಕ್ಕಪ್ಪ, ಎಂದೆ.

ಅವನು ಹಗ್ಗವನ್ನು ಜೊತೆಯವನ ಕೈಗೆ ಕೊಟ್ಟ. ಕೋಣೆಯೊಳಗೆ ಹೋಗಿ ಆ ಅರ್ಜಿ ತಂದು, ರಸೀತಿ ಪುಸ್ತಕದ ಮೇಲಿಟ್ಟು ಬಿಡಿಸಿದ. ಮಡಿಕೆಗಳು ಹರಿಯುವಂತಾಗಿದ್ದವು.

"ತಾರೀಖು ಹಾಕು" ಎಂದ.

"ಏನು, ಇವತ್ತು ಧೈರ್ಯ ಬಂತಾ?" ಎಂದು ಅಭ್ಯಾಸಬಲದಿಂದ ಕೆಣಕಿದೆ.

"ಇದು ಕಳ್ಸಿದ್ರೆ ಕೆಲ್ಸ ಹೋಗೋದು ನಿಜಾನೇ ಕಣಮ್ಮ. ನಿನ್ನ ಓದು ಮುಗೀಲಿ ಅಂತ ಕಾಯ್ತಾ ಇದ್ದೆ. ಇನ್ನು ಹೋದ್ರೆ ಹೋಗ್ಲಿ ಬಿಡು."

ಪೆನ್ನು ಹಿಡಿದೆ. ಅವತ್ತು ಎಷ್ಟನೆಯ ತಾರೀಖು ಎಂಬುದೇ ನನಗೆ ನೆನಪಾಗಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಚಿಕ್ಕಪ್ಪ ಪಕ್ಕದಲ್ಲಿ ನಿಂತು ಒಂದೊಂದೇ ಅಂಕಿ ಹೇಳಿದ. ಪದವೀಧರೆ ನಾನು ಬರೆದುಕೊಂಡೆ.