ಏಳು ಗುಡ್ಡ, ಒಂದು ಅಲಾರಂ

ಅಲಾರಂ ಬಾಯಿ ತೆರೆಯುವ ಮೊದಲೇ ಎದ್ದು ಅದರ ಬಾಯಿ ಮುಚ್ಚಬೇಕು. ಇಲ್ಲದಿದ್ದರೆ ಮನೆಯವರ ನಿದ್ದೆ ಕೆಡುತ್ತದೆ. ಕತ್ತಲಲ್ಲೇ ಚಪ್ಪಲಿ ತಡಕಬೇಕು, ದೀಪ ಹಾಕುವಂತಿಲ್ಲ. ಗೀಸರ್ ಹಾಕಬೇಕು. ಅತ್ತೆಯ ಥೈರಾಯ್ಡ್ ಮಾತ್ರೆಯನ್ನು, ನಾಲಿಗೆ ಸುಡದ ಆದರೆ ತಣ್ಣಗೂ ಅಲ್ಲದ ನೀರಿನೊಂದಿಗೆ ಅವರ ತಲೆಯ ಬಳಿ ಇಡಬೇಕು. ಕಸದ ಗಾಡಿ ಬರುವ ಮೊದಲು ಕಸದ ಬುಟ್ಟಿ ಗೇಟಿನ ಹೊರಗಿರಬೇಕು. ಹಾಲನ್ನು ಒಲೆಯ ಮೇಲಿಟ್ಟು, ಅದು ಉಕ್ಕುವಷ್ಟರೊಳಗೆ ಮಗಳ ಅಂಗಿಗೆ ಇಸ್ತ್ರಿ ಹಾಕಿ, ಅಂಗಿ ಸುಡುವಷ್ಟರೊಳಗೆ ಓಡಿಬಂದು ಹಾಲಿನ ಉರಿ ತಗ್ಗಿಸಬೇಕು. ತರಕಾರಿ ಹೆಚ್ಚಬೇಕು. ಊಟದ ಡಬ್ಬಿ ತುಂಬಬೇಕು. ಯಜಮಾನರ ಕಾಲುಚೀಲಗಳ ರಾಶಿಯಲ್ಲಿ ಒಂದಕ್ಕೊಂದು ಜೋಡಿಯಾಗಲು ಒಪ್ಪುವ ಎರಡನ್ನು ಹುಡುಕಬೇಕು. ವಾಷಿಂಗ್ ಮೆಷಿನ್ನಿಗೆ ಬಟ್ಟೆ ತುಂಬಿ ಅದರ ಬಾಗಿಲಿಗೆ ಸೊಂಟದಿಂದ ಒಂದು ಗುದ್ದು ಕೊಡಬೇಕು (ಕೊಡದಿದ್ದರೆ ಶುರುವಾಗುವುದಿಲ್ಲ, ಅದೂ ಈ ಮನೆಯ ನೀರು ಕುಡಿದೇ ಬೆಳೆದದ್ದು). ಇಷ್ಟೆಲ್ಲ ಆದಮೇಲೆ ಸೂರ್ಯ ನಿಧಾನಕ್ಕೆ ಎದ್ದು, ಏನೋ ಘನಕಾರ್ಯ ಮಾಡಿ ದಣಿದವನ ಹಾಗೆ ಕೆಂಪು ಮುಖ ತೋರಿಸುತ್ತಾನೆ. ಜನ ಓಡಿಹೋಗಿ ಅವನ ಫೋಟೋ ತೆಗೆಯುತ್ತಾರೆ.

ನನ್ನ ಫೋಟೋ ಯಾರೂ ತೆಗೆದದ್ದಿಲ್ಲ.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು, ಇರುವೆಯ ಕಾಲಿನಂಥ ಸ್ಕ್ರೂ ತಿರುಗಿಸುವುದು ನನ್ನ ಕಸುಬು. ಊರಿನವರ ದೃಷ್ಟಿಯನ್ನೆಲ್ಲ ಸರಿಮಾಡಿದರೂ ನಮ್ಮ ಮನೆಯವರ ಕಣ್ಣಿಗೆ ನಾನು ಮಾಡುವ ಕೆಲಸ ಕಾಣುವಂಥ ಗಾಜನ್ನು ಇದುವರೆಗೆ ಯಾವ ಕಂಪನಿಯೂ ತಯಾರಿಸಿಲ್ಲ. ಹೀಗಿರುವಾಗ ಒಂದು ಮಧ್ಯಾಹ್ನ ನಿವೃತ್ತ ಹೆಡ್‌ಮೇಡಂ ಒಬ್ಬರು ಅಂಗಡಿಗೆ ಬಂದರು. ಅರವತ್ತು ದಾಟಿದವರು. ಕೆಂಪು ಹೆಲ್ಮೆಟ್, ಕೊರಳಲ್ಲಿ ಶಾಲೆಯ ಕಾಲದ ಸೀಟಿ. ಸೈಕಲ್ ಹೊಡೆಯುವಾಗ ಗಾಳಿ ಒಳಗೆ ನುಗ್ಗದಂಥ ಕನ್ನಡಕ ಬೇಕೆಂದರು.

"ಗುಡ್ಡ ಇಳೀವಾಗ ಕಣ್ಣಲ್ಲಿ ನೀರು ಬರತ್ತೆ ಕಣಮ್ಮ, ಅದಕ್ಕೆ."

"ಗಾಳಿಗಾ ಮೇಡಂ?"

"ಅರ್ಧ ಗಾಳಿಗೆ. ಅರ್ಧ ಖುಷಿಗೆ."

ನನ್ನ ಕೈಯಲ್ಲಿದ್ದ ಸ್ಕ್ರೂ ಬಿದ್ದುಹೋಯಿತು. ಖುಷಿಗೆ ಕಣ್ಣಲ್ಲಿ ನೀರು! ನನಗೆ ಈರುಳ್ಳಿಗೆ ಮಾತ್ರ ಬರುತ್ತಿತ್ತು. ಮೇಜಿನ ಕೆಳಗೆ ಸ್ಕ್ರೂ ಹುಡುಕುತ್ತಾ ಕೇಳಿದೆ. ಅವರದೊಂದು ಸೈಕಲ್ ಕ್ಲಬ್ಬು. ವರ್ಷಕ್ಕೊಮ್ಮೆ 'ಏಳು ಗುಡ್ಡದ ಸವಾರಿ'. ಒಂದರ ಹಿಂದೆ ಒಂದು ಏಳು ಗುಡ್ಡ ಹತ್ತಿ ಇಳಿದು ಆಚೆಯ ಕಣಿವೆ ಮುಟ್ಟಬೇಕು. ಮುಗಿಸಿದವರಿಗೆ ಸಾಸರಿನಷ್ಟು ಅಗಲದ ಪದಕ ಕೊಟ್ಟು, ಸೈಕಲ್ ಸಮೇತ ಲಾರಿಯಲ್ಲಿ ವಾಪಸು ತಂದುಬಿಡುತ್ತಾರೆ. ಮುಗಿಸದವರು ತಮ್ಮ ದಾರಿ ತಾವೇ ನೋಡಿಕೊಳ್ಳಬೇಕು. ಅಭ್ಯಾಸ ದಿನಾ ಬೆಳಗ್ಗೆ, ಬೆಳಕು ಹರಿಯುವ ಮೊದಲು.

ಬೆಳಗ್ಗೆ! ನನ್ನಲ್ಲಿಲ್ಲದ ಒಂದೇ ವಸ್ತು.

ಅಂದು ಊಟದ ಮೇಜಿನ ಮೇಲೆ ವಿಷಯ ಇಟ್ಟೆ. ಮೊದಲು ನಕ್ಕವರು ಯಜಮಾನರು.

"ಗುಡ್ಡ ಹತ್ತೋದಾ? ನೀನು? ಮಹಡಿ ಮೆಟ್ಟಿಲು ಹತ್ತಿದ್ರೆ ಮೊಣಕಾಲು ನೋವು ಅಂತೀಯ!"

"ಮೆಟ್ಟಿಲು ಹತ್ತುವಾಗ ನನ್ನ ಸೊಂಟದ ಮೇಲೆ ನಿಮ್ಮೆಲ್ಲರ ಬಟ್ಟೆ ಬುಟ್ಟಿ ಇರತ್ತೆ ರೀ."

"ಈ ವಯಸ್ಸಲ್ಲಿ ಬಿದ್ದು ಕೈಕಾಲು ಮುರ್ಕೊಂಡ್ರೆ?" ಎಂದರು ಅತ್ತೆ. "ಅಡುಗೆ ಯಾರು ಮಾಡೋದು?" (ಕಾಳಜಿ ಕೈಕಾಲಿನದೇ, ಅದು ಹೊರಟಿದ್ದು ಮಾತ್ರ ಅಡುಗೆಮನೆಯ ಕಡೆಗೆ.)

ಮಗಳೊಬ್ಬಳೇ ಉದಾರಿ. "ಅಮ್ಮ, ನನ್ನ ಗೇರ್ ಸೈಕಲ್ ತಗೋ. ಹೇಗಿದ್ರೂ ನಾನು ಓಡ್ಸಲ್ಲ." ಅವಳು ಹಟ ಹಿಡಿದು ಕೊಡಿಸಿಕೊಂಡ ಆ ಸೈಕಲ್ಲು ಮೆಟ್ಟಿಲ ಕೆಳಗೆ ನಿಂತು ಕೊಡೆಗಳನ್ನು ನೇತುಹಾಕುವ ಪವಿತ್ರ ಕಾರ್ಯದಲ್ಲಿ ತೊಡಗಿತ್ತು.

ನಮ್ಮ ಯಜಮಾನರು ವಿಮಾ ಕಚೇರಿಯಲ್ಲಿ ಪರಿಹಾರದ ಅರ್ಜಿಗಳನ್ನು ಪರಿಶೀಲಿಸುವವರು. ಅವರಿಗೆ ಮಾತೆಂದರೆ ಷರತ್ತು. ಒಮ್ಮೆ ಆಡಿದರೆ ಅಲ್ಪವಿರಾಮವನ್ನೂ ಬದಲಿಸುವವರಲ್ಲ. ನಾನು ವಾರದೊಳಗೆ ಸೋತು ಮೂಲೆ ಸೇರುತ್ತೇನೆಂಬ ಭರವಸೆಯಲ್ಲಿ ಕೈ ಒರೆಸಿಕೊಂಡು ಘೋಷಿಸಿದರು:

"ಸರಿ. ನೀನು ಏಳು ಗುಡ್ಡದ ಸವಾರಿ ಮುಗಿಸೋವರೆಗೂ ಬೆಳಗಿನ ಕೆಲಸ ನಮ್ಮದು. ಮುಗಿಸಿದ ಮಾರನೇ ದಿನದಿಂದ ಎಲ್ಲ ಮೊದಲಿನ ಹಾಗೆ. ಒಪ್ಪಿಗೆನಾ?"

"ಒಪ್ಪಿಗೆ."

"ನಾನು ಸಾಕ್ಷಿ," ಎಂದರು ಅತ್ತೆ, ನ್ಯಾಯಾಧೀಶರ ಗತ್ತಿನಲ್ಲಿ. ಅಲಾರಂ ಗಡಿಯಾರ ನನ್ನ ದಿಂಬಿನ ಪಕ್ಕದಿಂದ ಎದ್ದು ಹಾಸಿಗೆಯ ಆ ಬದಿಗೆ, ಯಜಮಾನರ ಕಿವಿಯ ಬುಡಕ್ಕೆ ವರ್ಗವಾಯಿತು.

ಮೊದಲ ದಿನ ಮೊದಲ ಏರಿನಲ್ಲೇ ನನ್ನ ಜೀವ ಬಾಯಿಗೆ ಬಂತು. ಗೇರು ಎಂಬ ವಸ್ತು ನನಗೆ ಹೊಸದು. ಇಷ್ಟು ವರ್ಷ ಸಂಸಾರವನ್ನು ಒಂದೇ ಗೇರಿನಲ್ಲಿ ಎಳೆದವಳು ನಾನು! ಎಡಗೈಯದನ್ನು ಒತ್ತಿದರೆ ಚೈನು ಕೆಳಗೆ, ಬಲಗೈಯದನ್ನು ಒತ್ತಿದರೆ ನಾನು ಕೆಳಗೆ. ಹೆಡ್‌ಮೇಡಂ ಹಿಂದಿನಿಂದ ಸೀಟಿ ಊದಿದರು: "ಹಿಂದಿನ ಬೆಂಚು! ತಲೆ ತಗ್ಸಿ! ಗುಡ್ಡ ನೋಡ್ಬೇಡಿ, ಮುಂದಿನ ಚಕ್ರ ನೋಡಿ!"

ಚಕ್ರವನ್ನು ನೋಡುತ್ತಿರುವಾಗಲೇ ಫೋನು ಬಡಿದುಕೊಂಡಿತು. ಯಜಮಾನರು.

"ಮೆಷಿನ್ ಶುರುವಾಗ್ತಿಲ್ಲ ಕಣೇ!"

"ಬಾಗಿಲಿಗೆ... ಸೊಂಟದಿಂದ... ಒಂದು ಗುದ್ದು ಕೊಡಿ..."

"ಯಾವ ಸೊಂಟ? ಎಡಗಡೆದಾ, ಬಲಗಡೆದಾ?"

"ಬಲ... ಗಡೆ..."

"ಯಾಕೆ ಹಾಗೆ ಏದುಸಿರು ಬಿಡ್ತಿದೀಯ? ಏನಾಯ್ತು?"

"ಗುಡ್ಡ..."

ಆಮೇಲೆ ಹಾಲು ಉಕ್ಕಿತೆಂದು ಒಂದು ಫೋನು. ಉಕ್ಕಿದ ಹಾಲನ್ನು ಯಾವ ಬಟ್ಟೆಯಲ್ಲಿ ಒರೆಸಬೇಕೆಂದು ಇನ್ನೊಂದು. ಒರೆಸಿದ ಬಟ್ಟೆ ತಮ್ಮ ಹೊಸ ಬನಿಯನ್ ಆಗಿತ್ತೆಂದು ಮತ್ತೊಂದು. ನಾನು ಫೋನನ್ನು ಚೀಲದ ತಳಕ್ಕೆ ತುರುಕಿದೆ. ಅಷ್ಟರಲ್ಲಿ ಏರು ಮುಗಿದು ರಸ್ತೆ ತಾನಾಗಿಯೇ ಕೆಳಗೆ ಬಾಗಿತು.

ಅಯ್ಯೋ, ಅದನ್ನು ಹೇಗೆ ಹೇಳಲಿ! ನಾನು ಏನೂ ಮಾಡಬೇಕಾಗಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನಾನು ಏನೂ ಮಾಡದೆ ಕೆಲಸವೊಂದು ತಾನಾಗಿ ನಡೆಯುತ್ತಿತ್ತು! ಗಾಳಿ ಕಿವಿಯಲ್ಲಿ ಕೇಕೆ ಹಾಕಿತು, ಮರಗಳು ಹಿಂದಕ್ಕೆ ಓಡಿದವು, ನಾನು ಬಾಯಿ ತೆರೆದು "ಓ" ಎಂದು ಕೂಗಿದೆ (ಒಂದು ಹುಳ ಒಳಗೆ ಹೋಯಿತು, ಹೋಗಲಿ, ಅದಕ್ಕೂ ಒಂದು ಸವಾರಿಯಾಯಿತು). ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಸುತ್ತಮುತ್ತ ಎಲ್ಲೂ ಈರುಳ್ಳಿ ಇರಲಿಲ್ಲ.

ಹಾಗೆ ತಿಂಗಳುಗಳು ಕಳೆದವು. ಹಿಂಭಾಗಕ್ಕೆ ಮೆತ್ತೆಯಿರುವ ಸೈಕಲ್ ಚಡ್ಡಿಯನ್ನು ಹಗ್ಗದ ಮೇಲೆ ಒಣಹಾಕಿದ ದಿನ ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. "ಇದೇನೇ ಇದು, ದಿಂಬಿಗೆ ಕಾಲು ಹೊಲಿದಿದಾರಾ?" ನನ್ನ ತೊಡೆಗಳು ಕಂಬಗಳಾದವು. ಅಂಗಡಿಯಲ್ಲಿ ಗಿರಾಕಿಗಳಿಗೆ ಅಕ್ಷರದ ಹಲಗೆ ಓದಿಸುವಾಗಲೂ ಕುರ್ಚಿಯ ಮೇಲೆ ಕುಳಿತು ಕಾಲು ತುಳಿಯುತ್ತಿದ್ದೆ. ಏರಿನಲ್ಲಿ ನನ್ನ ಅರ್ಧ ವಯಸ್ಸಿನ ಹುಡುಗರನ್ನು ಹಿಂದೆ ಹಾಕುವಾಗ, ನಮ್ರತೆಯಿಂದ, ಬೇಕೆಂದೇ ಎರಡು ಸಲ ಗಂಟೆ ಬಾರಿಸುತ್ತಿದ್ದೆ.

ಮನೆಯಲ್ಲೂ ಪವಾಡ ನಡೆದಿತ್ತು. ಅತ್ತೆ ತಮ್ಮ ಮಾತ್ರೆಯನ್ನು ತಾವೇ ನುಂಗಲು ಕಲಿತರು. ಮಗಳು ಇಸ್ತ್ರಿ ಪೆಟ್ಟಿಗೆಯ ಯಾವ ಕಡೆ ಬಿಸಿಯಾಗುತ್ತದೆಂದು ಕಂಡುಹಿಡಿದಳು. ಯಜಮಾನರ ಸೊಂಟದ ಗುದ್ದು ನನ್ನದಕ್ಕಿಂತ ಪಳಗಿ, ಮೆಷಿನ್ನು ಅವರ ಹೆಜ್ಜೆ ಸದ್ದಿಗೇ ನಡುಗತೊಡಗಿತು. ಅವರ ಕಾಲುಚೀಲಗಳೂ ಜೋಡಿಯಾಗಿ ಬಾಳತೊಡಗಿದವು.

ಒಂದೇ ಒಂದು ವಿಷಯ ನನಗೆ ಬಿಡಿಸಲಾಗದ ಒಗಟಾಗಿತ್ತು. ಎಲ್ಲರಿಗಿಂತ ಗಟ್ಟಿಯಾಗಿ ಗುಡ್ಡ ಹತ್ತುವ ಹೆಡ್‌ಮೇಡಂ ಇದುವರೆಗೆ ಒಂದು ಸಲವೂ ಏಳು ಗುಡ್ಡದ ಸವಾರಿ ಮುಗಿಸಿಲ್ಲವಂತೆ! ಪ್ರತಿ ವರ್ಷವೂ ಕೊನೆಯ ಗಳಿಗೆಯಲ್ಲಿ ಏನೋ ಒಂದು. ಟೈರು, ತಲೆಸುತ್ತು, ಕಾಲು ಸೆಳೆತ. "ಕೊನೆಗೆ ಧೈರ್ಯ ಸಾಲಲ್ಲ ಅವ್ರಿಗೆ. ನಾನಾಗಿದ್ರೆ ತೆವಳ್ಕೊಂಡಾದ್ರೂ ಮುಗಿಸ್ತಿದ್ದೆ," ಎಂದು ನಾನು ಊಟದ ಮೇಜಿನಲ್ಲಿ ಕೊಚ್ಚಿಕೊಂಡಿದ್ದೆ. ಶೋಕೇಸಿನಲ್ಲಿ ಯಜಮಾನರ 'ಉತ್ತಮ ನೌಕರ' ಗಡಿಯಾರವನ್ನು ಪಕ್ಕಕ್ಕೆ ಸರಿಸಿ, ಸಾಸರಿನಷ್ಟು ಜಾಗ ಮಾಡಿಟ್ಟಿದ್ದೆ. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ, ದೃಷ್ಟಿಯಿದ್ದವರಿಗೂ ಇಲ್ಲದವರಿಗೂ, ಪದಕದ ಅಗಲವನ್ನು ಕೈಯಲ್ಲಿ ತೋರಿಸಿದ್ದೆ.

ಸವಾರಿಯ ವಾರ ಬಂತು. ಮನೆಯಲ್ಲಿ ನನ್ನ ಮೇಲೆ ಪ್ರೀತಿ ಉಕ್ಕಿ ಹರಿಯಿತು, ಹಾಲಿಗಿಂತ ಜೋರಾಗಿ. ಅತ್ತೆ ಮೊಣಕಾಲಿಗೆ ಮುಲಾಮು ತಿಕ್ಕಿದರು. ಯಜಮಾನರು ಬಾಳೆಹಣ್ಣಿನ ಗೊನೆ ಹೊತ್ತು ತಂದರು. "ನೀನು ಮುಗಿಸ್ಲೇಬೇಕು ಕಣೇ, ಮುಗಿಸ್ಲೇಬೇಕು!" ಎಂದು ನನ್ನ ಎರಡೂ ಕೈ ಹಿಡಿದು ಹೇಳಿದಾಗ ಅವರ ಕಣ್ಣು ಒದ್ದೆಯಾಗಿತ್ತು. ನನ್ನದೂ ಆಯಿತು. ಇಂಥ ಗಂಡನನ್ನು ತಪ್ಪಾಗಿ ತಿಳಿದಿದ್ದೆನಲ್ಲ ಎಂದು ಮರುಗಿದೆ.

ಅಂದು ಒಂದು, ಎರಡು, ಮೂರು ಗುಡ್ಡಗಳನ್ನು ಮೆಟ್ಟಿಲಿನ ಹಾಗೆ ಹತ್ತಿದೆ. ನಾಲ್ಕನೆಯದು ಬೆವರು ಕಿತ್ತಿತು. ಐದನೆಯದರಲ್ಲಿ ದೇವರನ್ನು ಬೈದು, ಆರನೆಯದರಲ್ಲಿ ಕ್ಷಮೆ ಕೇಳಿದೆ. (ಏಳು ಎಂಬ ಶಬ್ದವನ್ನು ಪ್ರತಿ ಬೆಳಗ್ಗೆ ಮೂವರಿಗೆ ಹೇಳುತ್ತಿದ್ದವಳು ನಾನು, ಅವರು ಏಳುತ್ತಿರಲಿಲ್ಲ. ಈಗ ಅದೇ ಏಳು ಗುಡ್ಡವಾಗಿ ಎದುರಿಗೆ ಎದ್ದು ನಿಂತಿತ್ತು.) ಏಳನೆಯದರ ಬುಡದಲ್ಲಿ ನೀರಿನ ಮೇಜಿನ ಬಳಿ ನಿಂತಿದ್ದಾಗ ಎದುರುಗಡೆಯಿಂದ ಕೆಂಪು ಹೆಲ್ಮೆಟ್ ಇಳಿದು ಬಂತು.

"ಮೇಡಂ! ಈ ಕಡೆ ಎಲ್ಲಿಗೆ?"

"ತುದಿವರೆಗೂ ಹೋಗಿದ್ದೆ ಕಣಮ್ಮ. ಈ ವರ್ಷವೂ ಆಗ್ಲಿಲ್ಲ. ಮನೇಲಿ ಒಲೆ ಆರಿಸಿದ್ನೋ ಇಲ್ವೋ ಅಂತ ಅನುಮಾನ ಬಂತು." ಮುಖದಲ್ಲಿ ದುಃಖದ ಸುಳಿವೂ ಇರಲಿಲ್ಲ. "ಹೋಗಿ, ನೀವು ಹೋಗಿ. ಮೇಲಿಂದ ಎಲ್ಲ ಚೆನ್ನಾಗಿ ಕಾಣತ್ತೆ."

ಸೀಟಿ ಊದುತ್ತಾ, ಬಂದ ದಾರಿಯಲ್ಲೇ ಆರನೆಯ ಗುಡ್ಡದ ಕಡೆಗೆ ತುಳಿದುಕೊಂಡು ಹೋದರು. ಪಾಪ ಎನ್ನಿಸಿತು.

ಏಳನೆಯ ಗುಡ್ಡವನ್ನು ನಾನು ಹತ್ತಲಿಲ್ಲ, ಜಗಳವಾಡಿ ಗೆದ್ದೆ. ಒಂದೊಂದು ತಿರುವಿಗೂ ಒಂದೊಂದು ಕೆಲಸವನ್ನು ನೆನೆದು ತುಳಿದೆ. ಇದು ಕಸದ ಬುಟ್ಟಿಗೆ, ಇದು ಊಟದ ಡಬ್ಬಿಗೆ, ಇದು ಜೋಡಿಯಿಲ್ಲದ ಕಾಲುಚೀಲಕ್ಕೆ! ತಟ್ಟನೆ ಆಕಾಶ ತೆರೆದುಕೊಂಡಿತು. ತುದಿ! ಯಾರೂ ಇಲ್ಲ. ಗಾಳಿ, ನಾನು, ಸೈಕಲ್ಲು. ಕೆಳಗೆ ಕಣಿವೆಯಲ್ಲಿ ಬಣ್ಣದ ಕಮಾನು, ಬ್ಯಾಂಡಿನ ಸದ್ದು. ಇಲ್ಲಿಂದ ಅಲ್ಲಿಯವರೆಗೆ ಬರಿಯ ಇಳಿಜಾರು, ಒಂದು ಸಲವೂ ತುಳಿಯಬೇಕಾಗಿಲ್ಲ. ಕಮಾನಿನ ಪಕ್ಕದಲ್ಲಿ ಮಡಿಚುವ ಕುರ್ಚಿಯ ಮೇಲೆ ಅತ್ತೆ. ಟವೆಲ್ ಹಿಡಿದು ಕುಣಿಯುತ್ತಿರುವ ಯಜಮಾನರು. ಮೊಬೈಲ್ ಎತ್ತಿ ಹಿಡಿದ ಮಗಳು. ನನ್ನ ಫೋಟೋ!

ಫೋನು ಬಡಿದುಕೊಂಡಿತು.

"ಕಾಣ್ತಿದೀಯ ಕಣೇ! ಅಮ್ಮಾ, ಅಗೋ ತುದೀಲಿ! ಇನ್ನೇನು ಮುಗೀತು!"

ಅತ್ತೆ ಫೋನು ಕಿತ್ತುಕೊಂಡರು. "ಉರುಳ್ಕೊಂಡು ಬಂದ್ಬಿಡೇ. ಅಲಾರಂನ ನಿನ್ನ ದಿಂಬಿನ ಪಕ್ಕಕ್ಕೆ ಇಟ್ಟೇ ಬಂದಿದೀನಿ."

"ಅಮ್ಮ, ನಾಳೆಗೆ ನೀಲಿ ಅಂಗಿ ಇಸ್ತ್ರಿ ಮಾಡು!" ಎಂದು ಹಿಂದಿನಿಂದ ಮಗಳ ಕೂಗು.

ಫೋನನ್ನು ಹಾಗೆಯೇ ಚೀಲಕ್ಕೆ ತುರುಕಿದೆ. ನನ್ನ ಎರಡೂ ಕೈ ತಾವಾಗಿಯೇ ಬ್ರೇಕು ಹಿಡಿದವು.

ಮುಗಿಸೋವರೆಗೂ. ಮುಗಿಸಿದ ಮಾರನೇ ದಿನದಿಂದ. ಅಲ್ಪವಿರಾಮವನ್ನೂ ಬದಲಿಸದ ಗಂಡ, ಸಾಕ್ಷಿಯಾಗಿ ಅತ್ತೆ. ಮುಲಾಮು, ಬಾಳೆಗೊನೆ, ಒದ್ದೆಯಾದ ಕಣ್ಣು, ಎಲ್ಲಕ್ಕೂ ಒಮ್ಮೆಗೇ ಕನ್ನಡಕ ಹಾಕಿದಂತಾಯಿತು. ಹೆಡ್‌ಮೇಡಂ ಮನೆಯಲ್ಲೂ ಇಂಥದೇ ಒಂದು ಒಪ್ಪಂದ ಇರಬೇಕು. ಮೇಲಿಂದ ಎಲ್ಲ ಚೆನ್ನಾಗಿ ಕಾಣುತ್ತದೆ ಎಂದಿದ್ದರಲ್ಲ!

ಇಳಿದು ಹೋಗಿ ಪದಕ ತೆಗೆದುಕೊಂಡು, "ನನ್ನ ಬೆಳಗನ್ನು ವಾಪಸು ಕೊಡಲ್ಲ" ಎಂದರಾಯಿತಪ್ಪ, ಅದಕ್ಕೇಕೆ ಇಷ್ಟು ರಾಮಾಯಣ ಎಂದು ನೀವು ಕೇಳಬಹುದು. ನಿಮಗಿನ್ನೂ ಮದುವೆಯಾಗಿಲ್ಲವೆಂದು ಕಾಣುತ್ತದೆ. ನಾನು ಹಾಗೆಂದರೆ ಎರಡು ದಿನ ಮುನಿಸು, ಮೂರನೆಯ ದಿನ ಉಕ್ಕಿದ ಹಾಲು, ನಾಲ್ಕನೆಯ ದಿನ ನಾನೇ ಎದ್ದಿರುತ್ತೇನೆ. ಮುಗಿಯದ ಸವಾರಿಗೆ ಮಾತ್ರ ಆ ಮನೆಯಲ್ಲಿ ಕಾನೂನಿನ ಬೆಂಬಲವಿದೆ.

ಆದರೆ ಪದಕ! ಸಾಸರಿನಷ್ಟು ಅಗಲದ ಪದಕ! ಶೋಕೇಸಿನ ಖಾಲಿ ಜಾಗ! ನಾಳೆ ಅಂಗಡಿಗೆ ಬರುವ ಒಬ್ಬೊಬ್ಬ ಗಿರಾಕಿಯೂ ಕೇಳುತ್ತಾನೆ. ಕೊನೆಗೆ ಧೈರ್ಯ ಸಾಲಲಿಲ್ಲ ಎಂದು ಮನೆಯವರು ನನ್ನ ಮಾತನ್ನೇ ನನಗೆ ಹೇಳುತ್ತಾರೆ. ಮೇಲಾಗಿ ಲಾರಿ ನಿಂತಿರುವುದು ಕಮಾನಿನ ಆಚೆ. ಈಚೆಗೆ ಹೊರಟವರು ತಮ್ಮ ದಾರಿ ತಾವೇ ನೋಡಿಕೊಳ್ಳಬೇಕು. ನಾನು ತಿರುಗಿ ನೋಡಿದೆ. ಆರನೆಯ ಗುಡ್ಡ, ಅದರ ಹಿಂದೆ ಐದನೆಯದು, ಅದರ ಹಿಂದೆ ನಾಲ್ಕನೆಯದು. ಬರುವಾಗ ಸಲೀಸಾಗಿ ಇಳಿದಿದ್ದ ಇಳಿಜಾರುಗಳೆಲ್ಲ ಈಗ ಏರುಗಳಾಗಿ, ನನ್ನನ್ನೇ ಕಾಯುತ್ತಾ ಸಾಲಾಗಿ ನಿಂತಿದ್ದವು.

ಇಳಿಜಾರು ಮುಂದಿನ ಚಕ್ರವನ್ನು ಕಮಾನಿನ ಕಡೆಗೆ ಮೆಲ್ಲಗೆ ಜಗ್ಗುತ್ತಿತ್ತು. ಬ್ಯಾಂಡಿನವರು ನನಗಾಗಿಯೇ ಹೊಸ ಹಾಡು ಎತ್ತಿಕೊಂಡರು.

ನಾನು ಸೀಟಿನಿಂದ ಕೆಳಗಿಳಿದೆ. ಸೈಕಲ್ಲನ್ನು ಎತ್ತಿ ಅದರ ಮೂತಿಯನ್ನು ಹಿಂದಕ್ಕೆ ತಿರುಗಿಸಿದೆ. ಚೀಲದ ತಳದಲ್ಲಿ ಫೋನು ಬೊಬ್ಬೆ ಹಾಕುತ್ತಲೇ ಇತ್ತು. "ಲೇ, ಆ ಕಡೆ ಅಲ್ಲ! ಈ ಕಡೆ! ಈ ಕಡೆ ಕಣೇ!"

ಕನ್ನಡಕವನ್ನು ತೆಗೆದು ಒರೆಸಿ ಹಾಕಿಕೊಂಡೆ, ಸೀಟಿನ ಮೇಲೆ ಕುಳಿತೆ, ಬ್ರೇಕು ಬಿಟ್ಟೆ.