ಕಾಕಾ ಅವರ ಫೈಲು ತಡಾ ಮಾಡಿ ತೆರೀತಿತ್ತು

ಕಂಪ್ಯೂಟರಿನ್ಯಾಗ ಮನಿ ನಕಾಶಿ ತಗಿಯೋ ಆಫೀಸಂದ ಮ್ಯಾಲೆ ದಿನಾ ಒಂದಿಲ್ಲೊಂದು ಫೈಲು ಹಟಾ ಹಿಡದು ಕೂಡೂದ. ಅದನ್ನ ಪುಸಲಾಯಿಸಿ ಎಬ್ಬಸೂದು ನನ್ನ ನೌಕರಿ. ನಾಗಪುರದ ಮಿಹಾನ್ ಕಡೆ ನಮ್ಮ ಆಫೀಸು. "ಮ್ಯಾಡಮ್, ಹ್ಯಾಂಗ್ ಹೋ ಗಯಾ" ಅಂತ ಯಾರರೆ ಕೂಗಿದ್ರ ನಾ ಓಡಬೇಕು. ಒಂಬತ್ತು ವರ್ಷ ಹಿಂಗ ಓಡೀನಿ, ನಗಿ ಬರೋವಂಥಾವು ಬೇಕಾದಷ್ಟು ಆಗ್ಯಾವ. ಆದ್ರ ಈಗ ನೆನಸಾಕ ಕುಂತ್ರ ಎಲ್ಲಾದ್ರಾಗೂ ಕಾಕಾ ಬಂದು ಕೂಡ್ತಾರ, ನಗಿ ಅರ್ಧಕ್ಕ ನಿಲ್ತೈತಿ.

ನನ್ನ ಸ್ವಂತ ಕಾಕಾ ಅಲ್ಲ ಅವರು. ನಮ್ಮಲ್ಲಿ ನಕಾಶಿ ತಗಿಯೋರಾಗ ಎಲ್ಲಾರಕಿಂತ ಹಿರೇರು, ಗದಗಿನ ಕಡಿಯವರು. ರಿಟಾಯರ್ ಆದ ಮ್ಯಾಲೂ ವರ್ಷಾವರ್ಷಾ ಕರಾರು ಬರಸಿಕೊಂಡು ಬರ್ತಿದ್ರು. ಇಡೀ ಆಫೀಸಿನ್ಯಾಗ ಕನ್ನಡ ಬರೋರು ನಾವಿಬ್ಬರ. ಕಾಕಿ ತೀರಿಕೊಂಡು ಮೂರು ವರ್ಷ ಆಗಿತ್ತು. ಮನ್ಯಾಗ ಮಗ ಸೊಸಿ ಮರಾಠಿ, ಮೊಮ್ಮಕ್ಕಳು ಹಿಂದಿ.

"ತಂಗಿ, ನಂಗ ಪಗಾರದ್ದೇನೂ ಚಿಂತಿಲ್ಲ" ಅಂತ ಒಮ್ಮೆ ಊಟದ ಡಬ್ಬಿ ಬಿಚ್ಚಕೋತ ಅಂದಿದ್ರು. "ಈ ಕುರ್ಚಿ ಹೋತಂದ್ರ ನನ್ನ ಬಾಯಾಗಿನ ಕನ್ನಡಾನೂ ಹೋಗ್ತೈತಿ. ಮನ್ಯಾಗ ಯಾರ ಕೂಡ ಮಾತಾಡ್ಲಿ?"

ಅವರ ಫೈಲು ಮಾತ್ರ ಎಲ್ಲಾರ ಫೈಲಿಗಿಂತ ತಡಾ. ಸಾಹೇಬ್ರು ನನ್ನ ಕರದು, ಜೂನ್ ಮುಗಿಯೂದ್ರಾಗ ಅದು ಸುಧಾರಿಸಿದ್ರ ಕರಾರು ಮುಂದುವರಸ್ತೀನಿ, ಇಲ್ಲಾಂದ್ರ ಇಲ್ಲ ಅಂದ್ರು. ಅಂದ್ರ ಕಾಕಾನ ಕುರ್ಚಿ ನನ್ನ ಕೈಯಾಗ ಬಂತು.

ಫೈಲಿಗೆ ಕೂಲರ್

ನಾಗಪುರದ ಮೇ ತಿಂಗಳು. ಎಸಿ ಕೆಟ್ಟು ಕೂತಿತ್ತು. ಮಶೀನು ಕಾದ್ರ ಫೈಲು ನಿಧಾನ ಆಗ್ತೈತಿ ಅಂತ ಸಾಹೇಬ್ರು ಎಲ್ಲೋ ಓದಿದ್ರು. ಮರುದಿನಾನ ಒಂದು ದೊಡ್ಡ ಕೂಲರ್ ತರಿಸಿ, ನೀರು ತುಂಬಿಸಿ, ಕಾಕಾನ ಮಶೀನಿನ ಮಾರಿಗೆ ಹಚ್ಚಿಸಿದ್ರು. ಬಾಜೂಕ ಕುಂತ ಕಾಕಾಗ ಮಾತ್ರ ಒಂದು ಚೂರೂ ಗಾಳಿ ಇಲ್ಲ. ಅಂಗಿ ಬೆನ್ನಿಗೆ ಹತ್ತಿತ್ತು, ಮೂಗಿನ ಮ್ಯಾಲಿನ ಚಾಳೀಸು ಬೆವತು ಜಾರತಿತ್ತು.

ಮೂರು ದಿನಾ ನೋಡಿದ್ವಿ. ಮಶೀನು ತಣ್ಣಗಾತು, ಫೈಲು ಇದ್ದಂಗ ಇತ್ತು. ನಾಕನೇ ದಿನಾ ಕಾಕಾ ನನ್ನ ಕರದ್ರು.

"ತಂಗಿ, ಸಾಹೇಬ್ರಿಗೆ ಹೇಳು, ನಾನೂ ಹ್ಯಾಂಗ್ ಆಗೀನಿ. ಒಂದರ್ಧಾ ತಾಸು ನನ್ನ ಕಡೇನೂ ತಿರಗಸಲಿ."

ಸಾವನೇರ್ ದಾಟಿದ ಸಂಡಾಸ

ನಮ್ಮಲ್ಲಿ ಒಬ್ಬಾಕಿ ಇಂಜಿನಿಯರ್ ಗಿರಾಕಿ ಎದುರಿಗೆ ಬಂಗಲೆದ ನಕಾಶಿ ತೆರದ್ಲು. ಫೈಲು ತೆವಳಕೋತ ತೆರೀತು. ಪಡದೇದ ಮ್ಯಾಲೆ ಏನೂ ಇಲ್ಲ, ಬರೇ ಕರ್ರಗ. ಗಿರಾಕಿ, "ಮೇರಾ ಘರ್ ಕಹಾಂ ಗಯಾ?" ಅಂದ. ನನ್ನ ಕರದ್ರು.

ಹುಡುಕಿದ್ರ ಈ ಮೂಲ್ಯಾಗ ಸಾಸಿವಿಯಷ್ಟು ಒಂದು ಚುಕ್ಕಿ, ಆ ಮೂಲ್ಯಾಗ ಇನ್ನೊಂದು. ಒಂದು ಚುಕ್ಕಿ ಇಡೀ ಬಂಗಲೆ. ಇನ್ನೊಂದನ್ನ ದೊಡ್ಡದು ಮಾಡಿದ್ರ ಸಂಡಾಸಿನ ಕಮೋಡು. ನಕಾಶಿಯಾಗ ಕೈ ಜಾರಿ ಅದೊಂದು ಮನಿ ಬಿಟ್ಟು ಮೈಲುಗಟ್ಟಲೆ ದೂರ ಹೋಗಿ ಬಿದ್ದಿತ್ತು. ಎರಡನ್ನೂ ಒಮ್ಮೆಲೆ ತೋರಸಾಕ ಹೋಗಿ ಕಂಪ್ಯೂಟರಿಗೆ ಎಲ್ಲಾ ಸಣ್ಣದು ಮಾಡೂದಾಗಿತ್ತು.

ಕಾಕಾ ನನ್ನ ಹೆಗಲ ಮ್ಯಾಲಿಂದ ಬಗ್ಗಿ ನೋಡಿ, ಗಿರಾಕಿಗೆ ತಿಳೀಬಾರದಂತ ಕನ್ನಡದಾಗ ಅಂದ್ರು. "ಪಾಪ, ಮನಿ ನಾಗಪುರದಾಗ ಐತಿ, ಸಂಡಾಸ ಸಾವನೇರ್ ಊರು ದಾಟೇತಿ. ಇವರ ಮನ್ಯಾಗ ಮುಂಜಾನೆದ್ದು ಎಲ್ಲಾರೂ ಬಸ್ ಹಿಡೀಬೇಕು."

ನಾ ನಕ್ಕೊಂಡ ಕುಂತೆ. ಗಿರಾಕಿ ಯಾಕ ನಗತೀರಿ ಅಂತ ಕೇಳಿದ. ಕಮೋಡು ಎಳದು ತಂದು ಮನ್ಯಾಗಿಟ್ಟೆ, ಫೈಲು ಗಾಳಿಯಂಗ ಓಡಿತು. ಸಾಹೇಬ್ರು ಖುಷಿಯಾಗಿ, ಬರೋಬರ್ ಇದೇ ಕಾಕಾನ ಫೈಲಿನ್ಯಾಗೂ ಇರಬೇಕು, ಜಲ್ದಿ ನೋಡು ಅಂದ್ರು. ಇಡೀ ದಿನಾ ನೋಡಿದೆ. ಕಾಕಾನ ಒಂದು ಗೆರಿನೂ ದಾರಿ ತಪ್ಪಿರಲಿಲ್ಲ. ನಂಗ ಅದಕ್ಕ ಸಿಟ್ಟು ಬಂತು ಅಂದ್ರ ನಂಬ್ತೀರೇನು?

ಎಣಿಸಿ ಹಚ್ಚಿದ ಹಣ್ಣು

ಕಡೀಕ ಒಂದು ಸಿಕ್ತು. ಒಬ್ಬ ಮಾಲಕರ ಕಿತ್ತಳಿ ತೋಟದಾಗ ಒಂದು ಮನಿ. ಎಲ್ಲಾರೂ ಗಿಡಾ ಅಂದ್ರ ಒಂದು ಗುಂಡು ತಗದು ಕೈ ತೊಳಕೋತಾರ. ಕಾಕಾ ಕೊಂಬಿ ಕೊಂಬಿಗೆ ಎಲಿ, ಎಲಿ ಸಂದ್ಯಾಗ ಹಣ್ಣು, ಹಣ್ಣಿನ ಮ್ಯಾಲೆ ಸಣ್ಣ ಸಣ್ಣ ಚುಕ್ಕಿ ತಗದಿದ್ರು.

"ಕಾಕಾ, ಇವನ್ನ ತಗದು ಹಾಕ್ರಿ. ಫೈಲು ಹಗರ ಆಗ್ತೈತಿ" ಅಂದೆ.

"ಏನವಾ, ಮಾಲಕರು ಮೊನ್ನೆ ಬಂದಾಗ ಕುಂತು ಎಣಿಸ್ಯಾರ. ಈ ಗಿಡದ ಕಾಯಿ ಭಾಳ ಸಿಹಿ ಅಂದ್ರು. ಮಂದಿ ಹಣ್ಣು ನಾ ಹೆಂಗ ಹರೀಲಿ?"

ಬೈದು ಹರಿಸಿದೆ. ಇಡೀ ಮಧ್ಯಾಹ್ನ ಒಂದೊಂದ ಗಿಡಾ ಬೋಳ ಮಾಡಿದ್ರು. ಫೈಲು ಎಳ್ಳಷ್ಟು ಹಗರಾತು, ಅಷ್ಟ. ಮಾಲಕರು ಮುಂದಿನ ವಾರ ಬಂದು ನಕಾಶಿ ನೋಡಿ, "ರಾತೋರಾತ್ ಚೋರಿ ಹೋ ಗಯೀ ಕ್ಯಾ?" ರಾತ್ರೋರಾತ್ರಿ ಹಣ್ಣು ಕಳವಾದ್ವೇನು ಅಂತ ಕೇಳಿದ್ರು. ಕಾಕಾ ನನ್ನ ಕಡೆ ಬಟ್ಟು ಮಾಡಿ ತೋರಿಸಿದ್ರು.

ಶಾಲು ಹೊಚ್ಚಿದ್ದು

ಜೂನ್ ಮುಗೀತು. ರಿಪೋರ್ಟ್ ಬರಿ ಅಂದ್ರು ಸಾಹೇಬ್ರು. ಕಾರಣ ನಂಗ ಸಿಕ್ಕಿರಲಿಲ್ಲ. ಸಿಕ್ಕಿಲ್ಲ ಅಂತ ಬರಿಯಾಕ ನಾಚಿಕಿ. ಹಣ್ಣು ಕಣ್ಣ ಮುಂದಿತ್ತು, ಅದಕ್ಕ 'ಹಳೇ ರೂಢಿ, ಬ್ಯಾಡಾದ್ದೆಲ್ಲಾ ನಕಾಶಿಯಾಗ ತುಂಬತಾರ, ಫೈಲು ಭಾರ' ಅಂತ ಬರದು ಸಹಿ ಹಾಕಿದೆ.

ಕರಾರು ಮುಂದುವರೀಲಿಲ್ಲ, ಬೀಳ್ಕೊಡುಗೆ ಮಾಡಿದ್ರು. ಅವರ ಕಡೀ ನಕಾಶಿ ಗ್ವಾಡಿ ಮ್ಯಾಲೆ ತೋರಸೋಣು ಅಂತ ಫೈಲು ತೆರೀಲಿಕ್ಕೆ ಹಾಕಿದ್ರು. ಸಾಹೇಬ್ರ ಭಾಷಣ ಮುಗೀತು, ಶಾಲು ಹೊಚ್ಚೂದು ಮುಗೀತು, ತೆಂಗಿನಕಾಯಿ ಕೊಟ್ರು, ಸಮೋಸಾ ತಿಂದ್ವಿ. ಫೈಲು ಇನ್ನೂ ತೆರೀತಾನ ಇತ್ತು.

ಕಾಕಾ ಎದ್ದು ನಿಂತು ಕನ್ನಡದಾಗ ಮಾತಾಡಿದ್ರು. "ನನ್ನ ಫೈಲಿನಿಂದ ನಿಮಗೆಲ್ಲಾ ತ್ರಾಸ ಆತು. ಹೊಟ್ಟ್ಯಾಗ ಹಾಕ್ಕೋರಿ." ಮಾತೆಲ್ಲಾ ನನಗೊಬ್ಬಾಕಿಗೆ ತಿಳದಿತ್ತು. ಏನಂದ್ರು ಅಂತ ಸಾಹೇಬ್ರು ಕೇಳಿದ್ರು. "ಸಮೋಸಾ ಛಲೋ ಇದ್ದುವಂತ" ಅಂತ ಹಿಂದ್ಯಾಗ ಹೇಳಿದೆ. ಎಲ್ಲಾರೂ ಚಪ್ಪಾಳಿ ತಟ್ಟಿದ್ರು.

ಉತ್ತರದ ಬಾಣ

ಅವರು ಬಿಟ್ಟ ಕೆಲಸ ನನ್ನ ಮಶೀನಿಗೆ ಬಂತು. ಎರಡ ವಾರದಾಗ ನನ್ನ ಫೈಲೂ ಏಳವಲ್ದು. ಈಗ ನಾ ಬೈಯಾಕ ಕಾಕಾ ಇಲ್ಲ, ಹಂಗಾಗಿ ನೆಟ್ಟಗ ಹುಡುಕಿದೆ.

ಪ್ರತಿ ನಕಾಶಿಯಾಗ ಉತ್ತರ ದಿಕ್ಕು ತೋರಸೋ ಒಂದು ಬಾಣ ಇರ್ತೈತಿ. ಎರಡು ವರ್ಷದ ಹಿಂದ ಗೆಳತಿ ಆಫೀಸಿನಿಂದ ಒಂದು ಚಂದದ ಬಾಣ ನಾನ ಪೆನ್ ಡ್ರೈವಿನ್ಯಾಗ ತಂದು, ಎಲ್ಲಾರೂ ಇದನ್ನ ಹಾಕಬೇಕು ಅಂತ ಹುಕುಂ ಮಾಡಿದ್ದೆ. ಅದರ ಬೆನ್ನಿಗೆ ಕಣ್ಣಿಗೆ ಕಾಣದ ಕಸಾ ಬಂದಿತ್ತು. ನಕಲು ಮಾಡಿದಾಗೊಮ್ಮೆ ಫೈಲಿನ್ಯಾಗ ಅದು ಬೆಳೀತಿತ್ತು. ಮಂದಿ ನನ್ನ ಹುಕುಂ ಕಿವ್ಯಾಗ ಹಾಕ್ಕೊಂಡಿರಲಿಲ್ಲ, ತಮ್ಮ ಹಳೇ ಬಾಣಾನ ಹಾಕ್ತಿದ್ರು. ನಾ ಹೇಳಿದ್ದನ್ನ ತಪ್ಪದ ಮಾಡಿದವರು ಕಾಕಾ ಒಬ್ಬರ.

ಬಾಣ ಕಿತ್ತೆ, ಕಸಾ ತಗದೆ. ಕಾಕಾನ ಫೈಲು ಕಣ್ಣು ಮಿಟಕಸೂದ್ರಾಗ ತೆರೀತು. ನಾ ಮಶೀನಿನ ಮುಂದ ಅತ್ತೆ.

ಸಾಹೇಬ್ರಿಗೆ ಹೋಗಿ ಹೇಳಿದೆ. "ಫೈಲ್ ಠೀಕ್ ಹೋ ಗಯೀ ನಾ? ಬಸ್" ಅಂದ್ರು, ಫೈಲು ಸರಿ ಆತಲ್ಲ, ಸಾಕು ಅನ್ನೋಹಂಗ. ಆ ಕುರ್ಚಿಗೆ ಬ್ಯಾರೆಯವರನ್ನ ತಗೊಂಡಾಗಿತ್ತು.

ರವಿವಾರ ಕಾಕಾನ ಮನಿಗೆ ಹೋದೆ. ಟಿವಿ ಮರಾಠ್ಯಾಗ ಒದರತಿತ್ತು. ಕಾಕಾ ಮೂಲ್ಯಾಗ ಸುಮ್ನ ಕುಂತಿದ್ರು. ಎಲ್ಲಾ ಹೇಳಿದೆ.

"ಅಂದ್ರ ನಂದೇನೂ ತಪ್ಪಿರಲಿಲ್ಲ?"

"ಇಲ್ರಿ ಕಾಕಾ. ಎಲ್ಲಾ ನಂದ. ಬೈರಿ ನನಗ."

"ಬೈತೀನಿ, ತಡಿ" ಅಂತ ಚಾಳೀಸು ಸರಿ ಮಾಡ್ಕೊಂಡು ನೆಟ್ಟಗ ಕುಂತ್ರು. "ಹುಚ್ಚ ಖೋಡಿ. ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಕಂಡೋರ ಬಾಣ ತಂದು ನನ್ನ ಮನಿ ಹಾಳ ಮಾಡಿದೆಲ್ಲ." ನಿಲ್ಲಲೇ ಇಲ್ಲ. ಗದಗಿನ ಓಣ್ಯಾಗಿನ ಬೈಗಳೆಲ್ಲಾ ಬಂದ್ವು. ಸೊಸಿ ಗಾಬರಿಯಾಗಿ ಅಡಗಿಮನಿಯಿಂದ ಬಂದು ನಿಂತ್ಲು. ಕಾಕಾನ ಮಾರಿ ಮಾತ್ರ ಅರಳಿತ್ತು.

"ಆಹಾ, ಮರಾಠ್ಯಾಗ ಬೈದ್ರ ಬಾಯಿ ತುಂಬಂಗಿಲ್ಲ ನೋಡು" ಅಂದ್ರು. ಆಮ್ಯಾಲೆ ದನಿ ಇಳಿಸಿ, "ಬರೋ ರವಿವಾರ ಬಾ. ಇದನ್ನ ಮತ್ತೊಮ್ಮೆ ಮೊದಲಿಂದ ಹೇಳು. ಆದ್ರ ಹತ್ತು ಮಿನಿಟಿನ್ಯಾಗ ಮುಗಿಸಬ್ಯಾಡ ತಂಗಿ. ಭಾಳ ಜಲ್ದಿ ಹೇಳ್ತಿ ನೀ. ನಿಧಾನ ಹೇಳು."

ಹೋಗ್ತೀನಿ. ಮೊನ್ನೆದು ನಾಕನೇ ರವಿವಾರ. ನಾ ಹೇಳೋ ಕಥಿಯಾಗ ಬಾಣ ಇನ್ನೂ ಪೆನ್ ಡ್ರೈವಿಗೆ ಏರಿಲ್ಲ.