ಅತ್ತೆಯ ಲಿಂಗಪೂಜೆ, ನನ್ನ ಟೊಮೇಟೊ

ಗಂಡನ ಮನೆಗೆ ಬಂದ ಹೆಣ್ಣು ಎಲ್ಲದರಲ್ಲೂ ತಗ್ಗಿ ನಡೆಯಬೇಕು ಎಂದು ಹಿರಿಯರು ಹೇಳುತ್ತಾರೆ. ಹೇಳಲಿ, ಅವರ ಬಾಯಿಗೇನು ಬಾಡಿಗೆಯೇ? ನಾನು ಸೆರಗಿನ ವಿಷಯದಲ್ಲಿ ತಗ್ಗಿದ್ದೇನೆ, ದನಿಯ ವಿಷಯದಲ್ಲಿ ಅಷ್ಟಿಷ್ಟು ತಗ್ಗಿದ್ದೇನೆ. ಟೊಮೇಟೊ ವಿಷಯದಲ್ಲಿ ಮಾತ್ರ ಅಂದೂ ತಗ್ಗಲಿಲ್ಲ, ಇಂದೂ ತಗ್ಗುವವಳಲ್ಲ.

ಆಗಿನ್ನೂ ನಿಜಾಮರ ಆಳ್ವಿಕೆ. ಗದಗಿನ ಕಡೆಯವಳಾದ ನನ್ನನ್ನು ಲಿಂಗಸುಗೂರಿಗೆ ಕೊಟ್ಟರು. ನಿಜಾಮರ ಸೀಮೆಗೆ ನಮ್ಮ ಕಡೆ ಮೊಗಲಾಯಿ ಎನ್ನುತ್ತಿದ್ದರು. "ಮೊಗಲಾಯಿಗೆ ಹೊಂಟೀದಿ, ಅಲ್ಲಿ ಇದು ಸಿಗತೈತೋ ಇಲ್ಲೋ" ಎಂದು ನನ್ನವ್ವ ಟ್ರಂಕಿನೊಳಗೆ ಸೀರೆಗಳ ಸಂದಿಯಲ್ಲಿ ಟೊಮೇಟೊ ಬೀಜದ ಗಂಟು ಇಟ್ಟಳು. ಬಂಗಾರ ಅಷ್ಟಕ್ಕಷ್ಟೇ ಇತ್ತು ಬಿಡಿ, ಬೀಜಕ್ಕೆ ಕೊರತೆ ಮಾಡಲಿಲ್ಲ.

ನನ್ನ ಅತ್ತೆ ಲಿಂಗಪೂಜೆಯಾಗದೆ ಹನಿ ನೀರೂ ಮುಟ್ಟದ ಜೀವ. ಬೀಜ ಯಾವುದರದೆಂದು ತಿಳಿದದ್ದೇ ತಡ, "ವಿಲಾಯತಿ ಬದನಿಕಾಯೇನಬೇ? ಕೊಯ್ದರ ರಗತ ಸುರಿದಂಗ ಆಗತೈತಂತ! ಶರಣರ ಒಲಿ ಮ್ಯಾಲ ಅದನ್ನ ಇಡತೀಯಾ?" ಎಂದು ಗುಡುಗಿದರು. ನಾನು ಗಂಡನ ಮುಖ ನೋಡಿದೆ. ತಹಸೀಲ ಕಚೇರಿಯ ಗುಮಾಸ್ತರಾದ ಅವರು, "ಇದು ನನ್ನ ಇಲಾಖಾ ಅಲ್ಲ" ಎಂದು ಟೋಪಿ ಏರಿಸಿಕೊಂಡು ಹೊರಟೇಬಿಟ್ಟರು. ಕೊನೆಗೆ ಅತ್ತೆಯೇ ಒಂದು ಷರತ್ತು ಹಾಕಿದರು: "ಹಿತ್ತಲದಾಗ ಹಚ್ಕೋ. ಎಳ್ಳಮಾಸಿಗೆ ಬುಟ್ಟಿ ತುಂಬ ಹಣ್ಣು ಬಂದ್ರ ಅಡಿಗಿ ಮನಿಗೆ ತರುವಂತಿ. ಬರಲಿಲ್ಲಂದ್ರ ಎಲ್ಲಾ ಕಿತ್ತೊಗದು ಮೆಂತ್ಯೆ ಹಾಕತೀನಿ." ಆ ದೊಡ್ಡ ಮನೆಯಲ್ಲಿ ನನ್ನದೆನ್ನುವ ಜಾಗ ಹಿತ್ತಲಿನ ಆ ತುಂಡು ನೆಲವೊಂದೇ. ಅದನ್ನು ಮೆಂತ್ಯಕ್ಕೆ ಬಿಟ್ಟುಕೊಡುವವಳು ನಾನಲ್ಲ.

ನಾಗರ ಪಂಚಮಿಗೆ ಬೀಜ ಹಾಕಿದೆ. ಸಗಣಿ ಗೊಬ್ಬರ, ಒಲೆಯ ಬೂದಿ, ಬಚ್ಚಲ ನೀರು, ಬಿದ್ದೀತೆಂದು ತೊಗರಿ ಕಟ್ಟಿಗೆಯ ಆಸರೆ. ಗಂಡನಿಗೆ ಊಟ ಬಡಿಸುವುದು ತಡವಾದರೂ ಗಿಡಕ್ಕೆ ನೀರು ತಡವಾಗಲಿಲ್ಲ. ಫಲ ಹೆಚ್ಚಲೆಂದು ಸಂದಿಯ ಚಿಗುರುಗಳನ್ನು ನಾನು ಚಿವುಟುತ್ತಿದ್ದರೆ ಅತ್ತೆ ಬಾಗಿಲಲ್ಲಿ ನಿಂತು, "ಹಸಿ ಚಿಗುರು ಚಿವುಟತೀಯಲ್ಲಬೇ, ಪಾಪ ಹತ್ತತೈತಿ" ಎಂದು ಲೊಚಗುಟ್ಟುತ್ತಿದ್ದರು. ದಸರೆಯ ಹೊತ್ತಿಗೆ ಗಿಡದ ತುಂಬ ಹಳದಿ ಹೂ. ನಾನು ಕುಣಿಯುವುದೊಂದು ಬಾಕಿ. ಆದರೆ ಇಂದು ಕಂಡ ಹೂ ನಾಳೆ ಇಲ್ಲ! ಗುಬ್ಬಿಯನ್ನು ಬೈದೆ, ಪಕ್ಕದ ಮನೆಯ ಆಡನ್ನು ಬೈದೆ, ಆಡಿನ ಒಡತಿಯನ್ನೂ ಮನಸ್ಸಿನಲ್ಲೇ ಬೈದೆ. ದೃಷ್ಟಿಯಾಗಿರಬೇಕೆಂದು ಗಂಡನ ಹಳೆಯ ಕೆರವೊಂದನ್ನು ತೊಗರಿ ಕಟ್ಟಿಗೆಗೆ ಕಟ್ಟಿದೆ. ಬೆಳಗಾದರೆ ಕೆರ ಬೇಲಿಯಲ್ಲಿ, ಹೂ ಮಾಯ. ಆಡು ಕೆರ ಬಿಚ್ಚಿ ಬೇಲಿಗೆ ಕಟ್ಟುತ್ತದೆಯೇ?

ದೀಪಾವಳಿಯ ಬೆಳಿಗ್ಗೆ ಅತ್ತೆಯ ಪೂಜೆಗೆ ನೀರು ಒಯ್ದೆ. ಅವರ ಅಂಗೈಯ ಲಿಂಗದ ಮೇಲೆ ನನ್ನ ಟೊಮೇಟೊ ಹೂಗಳು ಸಾಲಾಗಿ ಕೂತಿದ್ದವು! ಪೂಜೆಯ ನಡುವೆ ಮಾತಾಡುವಂತಿಲ್ಲ. ಹಲ್ಲು ಕಚ್ಚಿ ನಿಂತೆ. ಪೂಜೆ ಮುಗಿದದ್ದೇ, "ಏನ್ರೀ ಇದು?" ಎಂದೆ.

"ಹಣ್ಣು ಕೆಂಪ ಆದ್ರ ಹೂವೇನು ಮಾಡೀತು? ಹಳದಿ ಹೂ ಶಿವಗ ಚಂದ" ಎಂದರು, ಏನೂ ಆಗಿಲ್ಲವೆಂಬಂತೆ.

"ಲಿಂಗಯ್ಯನ ತಲಿ ಮ್ಯಾಲೆ ಏರಿದ ಗಿಡ ನಮ್ಮ ಒಲಿ ಮ್ಯಾಲ ಯಾಕ ಏರಬಾರದ್ರೀ? ಶಿವಗ ಇಲ್ಲದ ಮೈಲಿಗಿ ನಮಗೆಲ್ಲಿಂದ ಬಂತು?"

ಸೊಸೆ ಹಾಗೆ ಎದುರು ನಿಂತು ಕೇಳಿದ್ದನ್ನು ಆ ಮನೆ ಕಂಡಿರಲಿಲ್ಲ. ಗಂಡ ಹಬ್ಬದ ರಜೆಯೆಂಬುದನ್ನೂ ಮರೆತು ಕಚೇರಿಗೆ ಹೊರಟರು. ಅತ್ತೆ ಲಿಂಗವನ್ನು ಕೊರಳಿಗೆ ಕಟ್ಟಿಕೊಂಡು ಎದ್ದು ಹೋದರು. ಮರುದಿನದಿಂದ ಹೂ ಗಿಡದಲ್ಲೇ ಉಳಿದವು.

ಎಳ್ಳಮಾವಾಸ್ಯೆಗೆ ಬುಟ್ಟಿ ತುಂಬಿ, ಮೇಲೆ ನನ್ನ ಸೆರಗೂ ತುಂಬಿತು. ಹೊಲದಲ್ಲಿ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ ಊಟಕ್ಕೆ ಕೂತಾಗ ಅತ್ತೆ ಟೊಮೇಟೊ ಚಟ್ನಿಯನ್ನು ಲಿಂಗಕ್ಕೆ ತೋರಿಸಿ, ಸಜ್ಜೆ ರೊಟ್ಟಿಯ ತುದಿಗೆ ಹಚ್ಚಿ ನೆಕ್ಕಿದರು. "ಹುಳಿ ಐತಿ. ಹುಣಸಿಹಣ್ಣು ಉಳೀತು" ಎಂದರು. ನಾನು ಗೆದ್ದೆ ಎಂದುಕೊಂಡೆ. ಸಂಜೆಯೊಳಗೆ ಅತ್ತೆ ಓಣಿಗೆಲ್ಲ ಸುದ್ದಿ ಹಬ್ಬಿಸಿದ್ದರು: "ಮೊದಲ ಹೂ ನಾ ಶಿವಗ ಏರಿಸೀನಿ, ಅದಕ್ಕ ಗಿಡ ಹಂಗ ಕಾಯಿ ಹಿಡದೈತಿ!" ಹಾಗಾದರೆ ನನ್ನ ಸಗಣಿ, ನನ್ನ ಬೂದಿ, ನನ್ನ ಸೊಂಟನೋವು ಎಲ್ಲಿ ಹೋದವು? ಮರುವರ್ಷ ಒಂದು ಹೂವನ್ನೂ ಮುಟ್ಟಗೊಡದೆ ಕಾವಲು ಕೂತೆ. ಅರ್ಧ ಬುಟ್ಟಿ ಬಂತು. ಮಣ್ಣು ಸೋತಿದೆ ಎಂದೆ. ಅತ್ತೆ ನಕ್ಕರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಅತ್ತೆ ಶಿವನ ಪಾದ ಸೇರಿದರು. ಈಗ ಅದೇ ಹಿತ್ತಲಿನಲ್ಲಿ ನನ್ನ ಸೊಸೆ ಟೊಮೇಟೊ ಹಚ್ಚುತ್ತಾಳೆ. ಬೆಳೆ ಬಂದದ್ದು ನನ್ನ ಗೊಬ್ಬರದಿಂದಲೇ ಎಂದು ಅವಳಿಗೂ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ, ಯಾರು ಬಂದು ಕೇಳಿದರೂ ಹೇಳುತ್ತೇನೆ. ಮೊನ್ನೆ ಗಿಡಕ್ಕೆ ಮೊದಲ ಹೂ ಬಂದಿದ್ದವು. ಯಾರೂ ಇಲ್ಲವೆಂದುಕೊಂಡು ಕೀಳುತ್ತಿದ್ದೆ, ಸೊಸೆ ಹಿಂದೆಯೇ ಬಂದು ನಿಂತಿದ್ದಾಳೆ.

"ಅತ್ತಿ, ಹೂ ಯಾಕ ಕೀಳಾಕತ್ತೀರಿ?"

"ಪೂಜಿಗೆ" ಎಂದೆ.

"ನಿಮ್ಮ ಪೂಜಿ ಆಗಿ ನಾಷ್ಟಾನೂ ಆತಲ್ರೀ?"

"ನಾಳೀ ಪೂಜಿಗೆ!" ಎಂದು ಗದರಿಸಿ, ಉಳಿದವನ್ನೂ ಕಿತ್ತುಕೊಂಡು ಒಳಗೆ ಬಂದೆ.